ತೌಡಿನ ದೊಡ್ಡಿಯ ಕೊಬ್ಬು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗಿ ಹೂಗುಚ್ಛ ಹಿಡಿದು ಸಂಕೋಚದಿಂದ ಕುಳಿತಿರುವ ನಮ್ಮ ಕ್ಯಾಂಟೀನಿನ ಅಕ್ಕನವರೇ, ಮತ್ತು ಅಡುಗೆಯ ವಾಸನೆ ಬಂದಾಗಿನಿಂದ ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಆಡುತ್ತೇನೆ. ಅದಕ್ಕೆ ಮೊದಲು ಹಂದಿಗಳ ಬಗ್ಗೆ ಒಂದೆರಡು ಮಾತು. ಗೊಣಗಬೇಡಿ. ಹಂದಿ ಸಾಕಣೆ ಕೇಂದ್ರದಲ್ಲಿ ಮೇವಿನ ವಿಭಾಗದವನು ಇನ್ನೇನು ತಾನೇ ಮಾತಾಡಿಯಾನು?

ಮೇವಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಸಿಕ್ಕರೆ ಮಿಕ್ಕಿದ್ದು ಹಂದಿಯ ಬೆನ್ನ ಮೇಲೆ ಕೊಬ್ಬಾಗಿ ಕೂರುತ್ತದೆ. ತೌಡು ಬೆರೆಸಿ ನಾರು ಹೆಚ್ಚಿಸಿದರೆ ಅದೇ ಮೇವು ಹಗುರವಾಗುತ್ತದೆ. ಹಂದಿ ಜಾಸ್ತಿ ತಿಂದು ಸರಿದೂಗಿಸಲು ನೋಡುತ್ತದೆ ನಿಜ, ಆದರೆ ಹೊಟ್ಟೆಗೂ ಒಂದು ಮಿತಿ ಇದೆಯಲ್ಲ? ಬೆಳವಣಿಗೆ ತುಸು ನಿಧಾನವಾಗುತ್ತದೆ, ಕೊಬ್ಬು ಇಳಿಯುತ್ತದೆ. ಇದನ್ನು ತೋರಿಸಲು ಕಾಳಿನ ದೊಡ್ಡಿ ಒಂದು, ತೌಡಿನ ದೊಡ್ಡಿ ಒಂದು ಮಾಡಿದೆ. ಮೊನ್ನೆ ಯಂತ್ರವಿಟ್ಟು ಅಳೆದರೆ ತೌಡಿನ ದೊಡ್ಡಿಯವರ ಬೆನ್ನ ಮೇಲೆಯೇ ಕೊಬ್ಬು ದಪ್ಪ! ನಾಳೆಯ ಸಭೆಯಲ್ಲಿ ಅಧ್ಯಕ್ಷರು ನನ್ನ ಮೇವನ್ನು ಕೈಬಿಡಲಿದ್ದಾರೆ. ಅವರನ್ನು ದೂರುವುದಿಲ್ಲ. ಹಂದಿಯ ಮೈ ಸುಳ್ಳು ಹೇಳುತ್ತದೆಯೇ?

ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ಹಾಗಾಗಿ ಎಲ್ಲರನ್ನೂ ಅನುಮಾನಿಸಿದೆ. ಮೇವು ಬೆರೆಸುವವನು ಚೀಲ ಅದಲುಬದಲು ಮಾಡಿದನೇನೋ ಎಂದು ಅವನ ಬೆನ್ನಿಗೆ ಬಿದ್ದೆ. ಕಾವಲುಗಾರನ ಊಟದ ಡಬ್ಬಿ ಮೂಸಿ ನೋಡಿದೆ. "ಹಂದಿಗೆ ಕೊಟ್ಟು ನಾನೇನು ಮಣ್ಣು ತಿನ್ಲಾ ಸಾರ್?" ಎಂದ. ಕೊನೆಗೆ ಅಳೆಯುವ ಯಂತ್ರವನ್ನೇ ಅನುಮಾನಿಸಿ ನನ್ನ ಹೊಟ್ಟೆಯ ಮೇಲಿಟ್ಟು ನೋಡಿಕೊಂಡೆ. ಸಭಿಕರೇ, ಯಂತ್ರ ಸರಿಯಾಗಿಯೇ ಇತ್ತು.

ಹೊಟ್ಟೆಯ ಮಾತು ಬಂತು. ನನ್ನವಳು ತೀರಿಕೊಂಡ ಮೇಲೆ ನನ್ನ ಊಟವೆಲ್ಲ ಕ್ಯಾಂಟೀನಿನಲ್ಲೇ. ಡಾಕ್ಟರು ನನಗೂ ನಾರಿನ ಪಥ್ಯ ಹೇಳಿದರು: ಬೇಯಿಸಿದ ಸೊಪ್ಪು, ತೌಡು ಬೆರೆತ ಬ್ರೆಡ್ಡು. "ಎಣ್ಣೆ ಬೆಣ್ಣೆ ಸೋಕಿಸಬೇಡಿ ಅಕ್ಕ" ಎಂದೆ. ತಲೆಯಾಡಿಸಿದರು. ಪ್ಯಾಂಟು ಬಿಗಿಯಾಗುತ್ತಾ ಹೋಯಿತು. ನಾನು ದರ್ಜಿಯನ್ನು ಅನುಮಾನಿಸಿದೆ. ಡಾಕ್ಟರು ನನ್ನನ್ನು ಅನುಮಾನಿಸಿದರು. "ಏನ್ ಸಾರ್, ಕದ್ದು ತಿಂತೀರಾ?"

ಈಗ ಇಲ್ಲಿ ನಿಂತು ಯೋಚಿಸುತ್ತಿದ್ದೇನೆ. ಕ್ಯಾಂಟೀನಿನ ಹಿಂಬಾಗಿಲು ತೆಗೆದರೆ ಎದುರಿಗಿರುವುದು ಯಾವ ದೊಡ್ಡಿ? ತೌಡಿನ ದೊಡ್ಡಿ! ಒಮ್ಮೆ ಅಕ್ಕ ನನ್ನ ತಟ್ಟೆ ನೋಡಿ ಅಂದಿದ್ದರು, "ಅಯ್ಯೋ, ಆ ಬಡಪಾಯಿಗಳಿಗೂ ಇದೇ, ನಿಮಗೂ ಇದೇ. ಇದನ್ನ ತಿಂದ್ರೆ ಜೀವ ನಿಲ್ಲುತ್ತಾ?" ಅಂದು ಅದನ್ನು ಬರೀ ಮರುಕ ಎಂದುಕೊಂಡೆ. ಸೊಪ್ಪಿನ ಕೆಳಗೆ ಬೆಣ್ಣೆ ಕರಗಿರುವುದು ನಾಲಿಗೆಗೆ ಗೊತ್ತಾಗುತ್ತಲೇ ಇತ್ತು. ಲೋಕವನ್ನೆಲ್ಲ ವಿಚಾರಿಸಿದ ನಾನು ಅದೊಂದನ್ನು ವಿಚಾರಿಸಲಿಲ್ಲ. ಬೇಡ ಬೇಡ ಎಂದರೂ ಹಾಗೆ ಬಡಿಸುತ್ತಿದ್ದವಳು ನನ್ನ ಮನೆಯಲ್ಲಿ ಒಬ್ಬಳಿದ್ದಳು.

ಅಕ್ಕ, ಬಾಯಿಗೆ ಕೈ ಅಡ್ಡ ಇಟ್ಟು ನಗಬೇಡಿ. ನೋಡಿದಿರಾ ಅಧ್ಯಕ್ಷರೇ? ಇನ್ನೇನು ಸಾಕ್ಷಿ ಬೇಕು? ನನ್ನ ಮೇವಿಗೆ ಇನ್ನೊಂದು ಅವಕಾಶ ಕೊಡಿ. ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಅದು ತೂಕಡಿಕೆಯೂ ಇರಬಹುದು, ನಾನು ಒಪ್ಪಿಗೆ ಎಂದೇ ತಿಳಿಯುತ್ತೇನೆ. ನಾಳೆಯಿಂದ ಅಕ್ಕ ಬರುವುದಿಲ್ಲ. ತೌಡಿನ ದೊಡ್ಡಿ ಖಂಡಿತ ಇಳಿಯುತ್ತದೆ. ನಾನೂ ಇಳಿಯುತ್ತೇನೆ. ನಾನು ಹೇಳಿದ್ದೇ ಸರಿ ಎಂದು ಎಲ್ಲರೂ ಒಪ್ಪುತ್ತೀರಿ. ಇಷ್ಟು ಬೇಸರದ ಗೆಲುವು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಕೊನೆಯ ಮಾತು. ಅಕ್ಕನ ಕಾಲ ಬಳಿ ಒಂದು ಚೀಲವಿದೆ, ಒಳಗೆ ಡಬ್ಬಿ ಇದ್ದಂತಿದೆ. ಮಾತು ಶುರುಮಾಡಿದಾಗಿನಿಂದ ನನ್ನ ಕಣ್ಣು ಅದರ ಮೇಲೆಯೇ ಇದೆ. ಅದು ದೊಡ್ಡಿಗೆ ತಂದದ್ದಾದರೆ ಕೈಮುಗಿಯುತ್ತೇನೆ, ಬೇಡ ಅಕ್ಕ. ನನಗೆ ತಂದದ್ದಾದರೆ, ಒಳಗೇನಿದೆ ಎಂದು ನಾನು ಕೇಳುವುದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಅಕ್ಕನಿಗೆ ಸ್ವಲ್ಪ ಹೆಚ್ಚು. ನಮಸ್ಕಾರ.