ಹುರುಳಿಗೆ ಕಾವಲಿದ್ದ ಕಲ್ಲು

ನಮ್ಮ ಚಿಕ್ಕಮ್ಮನ ಮಗ ಪಿಳ್ಳಪ್ಪ ಸುಳ್ಳು ಹೇಳೋನಲ್ಲ. ಸುಳ್ಳು ಕಟ್ಟೋಕೆ ಬೇಕಾದಷ್ಟು ಬುದ್ಧಿಯನ್ನೇ ದೇವರು ಅವನಿಗೆ ಕೊಟ್ಟಿಲ್ಲ. ಅವನು ಹೇಳಿದ್ದನ್ನೇ ನಾನು ಹೇಳ್ತೀನಿ. ದೀಪ ಸಣ್ಣ ಮಾಡಿ, ಸೀಮೆಎಣ್ಣೆ ಸುಮ್ಮನೆ ಉರೀತಿದೆ.

ಚೀನಾದವರ ಜೊತೆ ಯುದ್ಧ ಆಗೋಕೆ ಒಂದೆರಡು ವರ್ಷ ಮುಂಚಿನ ಮಾತು. ಪುಷ್ಯ ಮಾಸದ ಚಳಿ. ಪಿಳ್ಳಪ್ಪ ಯಶವಂತಪುರದ ಸಂತೆಗೆ ತಾನು ಆಳಾಗಿದ್ದ ಗೌಡನ ಮನೆ ತರಕಾರಿ ಹಾಕಿ, ಕಂಬಳಿ ಹೊದ್ದು, ಹೆಬ್ಬಾಳದ ಕೆರೆ ದಾಟಿ ಬಳ್ಳಾರಿ ರಸ್ತೆ ಏರು ಹತ್ತಿ ಕೆಂಪಾಪುರಕ್ಕೆ ಬರ್ತಿದ್ದ. ಚಂದ್ರ ಇಲ್ಲ. ದೊಡ್ಡ ಆಲದ ಮರದ ಹತ್ತಿರ ಬಂದ...

ಯಲಹಂಕದ ಕಡೆಯಿಂದ ಸದ್ದು. ಟಿಕ್ ಟಿಕ್ ಟಿಕ್ ಟಿಕ್... ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟ ಸೈಕಲ್ಲಿನ ಸದ್ದು. ಅದರ ಜೊತೆಗೇ ತಗಡಿನ ಡಬ್ಬದೊಳಗೆ ಇಕ್ಕಳ, ಸುತ್ತಿಗೆ ಕುಣಿಯೋ ಸದ್ದು. ಗಲಕ್... ಗಲಕ್... ಪಿಳ್ಳಪ್ಪ ಪಕ್ಕಕ್ಕೆ ಸರಿದು ನಿಂತ. ಸದ್ದು ಹತ್ತಿರ ಬಂತು. ಮುಂದೆಯೇ ಬಂತು. ದಾಟಿ ಹೋಯ್ತು.

ಸೈಕಲ್ ಬರಲಿಲ್ಲ.

ಆಮೇಲೆ ರಸ್ತೆ ಮೇಲೆ ಕಲ್ಲು ಉರುಳೋ ಸದ್ದು. ಗುರ್ರ್... ನಿಲ್ತು. ಮತ್ತೆ ಗುರ್ರ್...

ಕಂಬಳಿ ಅಲ್ಲೇ ಬಿಟ್ಟು ಓಡಿ ಬಂದ. ಆ ಡಬ್ಬದ ಸದ್ದು ಅವನಿಗೇನು, ನಮ್ಮೂರ ಹೆಂಗಸರಿಗೆಲ್ಲ ಗೊತ್ತು. ಪಾತ್ರೆಗೆ ಕಲಾಯಿ ಹಾಕೋ ಖುದ್ದೂಸನ ಡಬ್ಬ ಅದು. ಖುದ್ದೂಸನ್ನ ಮಣ್ಣು ಮಾಡಿ ಆಗಲೇ ವಾರದ ಮೇಲಾಗಿತ್ತು.

ಹೇಗೆ ಸತ್ತ ಅಂತ ಕೇಳಿ.

ನಮ್ಮೂರ ದೊಡ್ಡಮುನಿಯಪ್ಪ ಗೌಡ ಇದ್ದನಲ್ಲ, ಎಂಟು ಜೊತೆ ಎತ್ತಿನ ಮನುಷ್ಯ, ಅವನಿಗೆ ಹುರುಳಿ ಒಕ್ಕೋಕೆ ಕಣ ಇರಲಿಲ್ಲ. ಯಾಕಿರಲಿಲ್ಲ? ಅವರಪ್ಪನ ಕಾಲದ ಕಣದಲ್ಲಿ ಲಕ್ಷ್ಮಿದೇವಮ್ಮ ಅನ್ನೋಳಿಗೆ ಹೆಂಚಿನ ಮನೆ ಕಟ್ಟಿಸಿಕೊಟ್ಟಿದ್ದ. ದೂರದ ಸಂಬಂಧ ಅಂತಿದ್ದ. ಎಷ್ಟು ದೂರ ಅಂತ ಅವನ ಹೆಂಡತಿ ಕೃಷ್ಣಮ್ಮನ್ನ ಕೇಳಿ. ಇರಲಿ, ಅದು ಬೇರೆ ರಾತ್ರಿಗೆ. ಕಣ ಹೋಯ್ತಲ್ಲ, ಹುರುಳಿ ಗಿಡ ಕಿತ್ತು ತಂದು ಬಳ್ಳಾರಿ ರಸ್ತೆ ಮೇಲೆ ಹರಡೋಕೆ ಶುರು ಮಾಡಿದ. ಲಾರಿ, ಬಸ್ಸು ಅದರ ಮೇಲೆ ಓಡಾಡಿ ಕಾಳು ಉದುರಿಸಿ ಹೋಗ್ತಿದ್ವು.

“ಸರ್ಕಾರದೋರು ನನಗೆ ಟಾರು ಕಣ ಆಕ್ಕೊಟ್ಟವ್ರೆ,” ಅಂತ ಮೀಸೆ ತಿರುವೋನು. ಕೆಲವರು ಹಲ್ಲು ಕಿಸೀತಿದ್ರು.

ಹರಡಿದ್ದು ಸಾಲದು ಅಂತ ಸಂಜೆ ಅದನ್ನ ರಸ್ತೆ ಅರ್ಧಕ್ಕೇ ಗುಡ್ಡೆ ಹಾಕಿಸಿ, ರಾತ್ರಿ ಲಾರಿ ಗುಡ್ಡೆ ಮೇಲೆ ಹತ್ತದಿರಲಿ ಅಂತ ಮುಂದೆ ಕಲ್ಲು ಇಡಿಸ್ತಿದ್ದ. ಎಂಥ ಕಲ್ಲು? ಹಳೇ ಕಣದಲ್ಲಿ ಎತ್ತು ಕಟ್ಟಿ ಉರುಳಿಸ್ತಿದ್ದ ಗುಂಡುಕಲ್ಲು. ಅದನ್ನ ಜಾಗಕ್ಕೆ ತರೋಕೆ ಹಾರೆ ಹಾಕಿ ನಾಲ್ಕು ಆಳು ಮೀಟಬೇಕು. ಕರೀ ಟಾರಿನ ಮೇಲೆ ಕರೀ ಕಲ್ಲು. ಒಂದು ಲಾಟೀನು ಇಲ್ಲ, ಬಿಳೀ ಸುಣ್ಣದ ಒಂದು ಪಟ್ಟೆ ಇಲ್ಲ. ಲಾರಿಗಾದರೆ ಎರಡು ಕಣ್ಣು ಉರೀತಿರುತ್ತೆ, ಕಾಣುತ್ತೆ. ಸೈಕಲ್ಲಿಗೆ?

ಖುದ್ದೂಸ್ ಹೆಬ್ಬಾಳದವನು. ಯಲಹಂಕ, ಜಕ್ಕೂರು ಎಲ್ಲ ಸುತ್ತಿ ಕಲಾಯಿ ಹಾಕಿ ರಾತ್ರಿ ವಾಪಸು ಬರೋನು. ಆವತ್ತು ಇಳಿಜಾರಿನ ಗಾಳಿಗೆ ಅವನ ಸೈಕಲ್ಲಿನ ಎಣ್ಣೆ ದೀಪ ಆರಿದೆ. ನೇರ ಬಂದು ಕಲ್ಲಿಗೆ ಹೊಡೆದ. ತಲೆ ಕೆಳಗಾಗಿ ಬಿದ್ದ.

ಸದ್ದು ಕೇಳಿ ಮೊದಲು ಬಂದವನು ಗೌಡನೇ. ಜೊತೆಗೆ ಪಿಳ್ಳಪ್ಪ, ಇನ್ನಿಬ್ಬರು ಸಂಬಳದಾಳು. ಬಂದವನು ಮೊದಲು ಏನು ಮಾಡಿಸಿದ ಗೊತ್ತಾ? ಕಲ್ಲು ಉರುಳಿಸಿ ಪಕ್ಕಕ್ಕೆ ಹಾಕಿಸಿದ. ಮನುಷ್ಯ ರಕ್ತದಲ್ಲಿ ಬಿದ್ದಿದ್ದಾನೆ, ಇವನು ಕಲ್ಲು ಉರುಳಿಸ್ತಿದ್ದಾನೆ. ಪೊಲೀಸಿನವರ ಕಣ್ಣಿಗೆ ಬೀಳಬಾರದು ಅಂತ. ಕಲ್ಲು ಪಕ್ಕಕ್ಕೆ ಹೋದ ಮೇಲೇನೇ, “ಅಯ್ಯೋ ಬನ್ರಪ್ಪೋ, ಆಲದ ಮರದ ಬಾಣಂತಿ ದೆವ್ವ ಸಾಬೀನ ತಳ್ಳೈತೆ,” ಅಂತ ಊರು ಕರೆದ. ಕಲ್ಲಿನ ವಿಷಯ ಬಾಯಿ ಬಿಟ್ಟರೆ ಕೆಲಸ ಇಲ್ಲ ಅಂತ ಆಳುಗಳಿಗೆ ಹೆದರಿಸಿದ್ದ.

ಊರು ಬಂತು. ಬಂದು ಮಾಡಿದ್ದೇನು? ಖುದ್ದೂಸನ ಕಿವಿಯಿಂದ ರಕ್ತ ಬರ್ತಿತ್ತು, ಉಸಿರು ಗೊರ ಗೊರ ಅಂತಿತ್ತು. ಒಳಗಿರೋ ದೆವ್ವ ಗೊರಕೆ ಹೊಡೀತಿದೆ ಅಂದರು. ಒಬ್ಬ ಕೈಗೆ ಬೀಗದಕೈ ಗೊಂಚಲು ಹಿಡಿಸಿದ. ಇನ್ನೊಬ್ಬಳು ಗಾಯಕ್ಕೆ ಕಾಫಿಪುಡಿ ಮೆತ್ತಿದಳು. ಎಚ್ಚರ ಇಲ್ಲದವನ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿ, ಕತ್ತು ಆ ಕಡೆ ಈ ಕಡೆ ವಾಲಾಡ್ತಿದ್ದರೂ ಬಾಯಿಗೆ ಚೊಂಬು ನೀರು ಸುರಿದರು. ನೀರು ಎಲ್ಲಿಗೆ ಹೋಗಬೇಕು, ಹೇಳಿ? ಕೆಮ್ಮೋಕೂ ಶಕ್ತಿ ಇರಲಿಲ್ಲ ಆ ಜೀವಕ್ಕೆ. ಆಮೇಲೆ ಗೌಡ, “ಗಾಳಿ ಮೆಟ್ಕೊಂಡೋನ ಮುಟ್ಟಬ್ಯಾಡಿ, ಪೂಜಾರಿ ಬರಲಿ,” ಅಂದ. ಹಾಗೇ ಬಿಟ್ಟರು. ರಸ್ತೇಲಿ ಲಾರಿ ಹೋಗ್ತಾನೇ ಇದ್ದವು. ಒಂದಕ್ಕೆ ಕೈ ಅಡ್ಡ ಹಾಕಿದ್ದರೆ, ಹಲಗೆ ಮೇಲೆ ಅಲುಗಾಡದ ಹಾಗೆ ಮಲಗಿಸಿ ಪೇಟೆ ಆಸ್ಪತ್ರೆಗೆ ಸೇರಿಸಬಹುದಿತ್ತು. ಕೋಳಿ ಕೂಗೋ ಹೊತ್ತಿಗೆ ಪೂಜಾರಿ ಬಂದ. ಗೊರಕೆ ನಿಂತಿತ್ತು. ದೆವ್ವ ಬಿಟ್ಟು ಹೋಯ್ತು ಅಂದ ಆ ಮುಂಡೇಗಂಡ.

ಬಾಣಂತಿ ದೆವ್ವವಂತೆ. ಆ ಪಾಪದವಳು ನಾನು ಮದುವೆಯಾಗಿ ಬಂದಾಗಿನಿಂದ ಆ ಮರದಲ್ಲಿದ್ದಾಳೆ, ಒಂದು ಕೋಳಿಮರೀನೂ ತಳ್ಳಿದ್ದು ನಾನು ಕಾಣೆ.

ಮಾರನೇ ಸಂಜೆ ಕಲ್ಲು ಮತ್ತೆ ರಸ್ತೆಗೆ ಬಂತು. ಅದೇ ಜಾಗಕ್ಕೆ.

ವಾರ ಕಳೆದು ಪಿಳ್ಳಪ್ಪ ಕಂಬಳಿ ಬಿಟ್ಟು ಓಡಿ ಬಂದನಲ್ಲ, ಮಾರನೇ ಬೆಳಗ್ಗೆ ನೋಡಿದರೆ ಕಲ್ಲು ರಸ್ತೆ ಪಕ್ಕದ ಮಣ್ಣಿನಲ್ಲಿತ್ತು. ಹುರುಳಿ ಗುಡ್ಡೆ ಮೇಲೆ ಲಾರಿ ಹತ್ತಿ ಕಾಳೆಲ್ಲ ಚರಂಡಿ ಪಾಲು. ಗೌಡ ಸಿಟ್ಟಿಗೆ ಕುಣಿದಾಡಿದ. ಮತ್ತೆ ಇಡಿಸಿದ. ಬೆಳಗಾದರೆ ಮತ್ತೆ ಪಕ್ಕದಲ್ಲಿ. ಆಗ ಪಿಳ್ಳಪ್ಪನ್ನ ಹಿಡಕೊಂಡ.

“ಲೋ ಪಿಳ್ಳ, ಇವತ್ತು ರಾತ್ರಿ ನೀನೇ ಕಾಯಬೇಕು. ಒತ್ತಾರೆ ಕಲ್ಲು ಇದ್ದ ಜಾಗದಾಗಿರಬೇಕು. ಇಲ್ಲಾಂದ್ರೆ ನೀನೂ ನಿನ್ನ ಎಂಡ್ರೂ ಗುಡಿಸಲು ಖಾಲಿ ಮಾಡಿ.”

ಗುಡಿಸಲು ಗೌಡನ ಹಿತ್ತಲಲ್ಲಿತ್ತು. ಪಿಳ್ಳಪ್ಪನ ಹೆಂಡತಿ ಮುನಿಶಾಮಮ್ಮನಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಅನ್ನೋ ಹಾಗಿದ್ದಳು. ಆ ಚಳೀಲಿ ಎಲ್ಲಿಗೆ ಹೋಗಬೇಕು?

ಅವತ್ತೇ ಮಧ್ಯಾಹ್ನ ಖುದ್ದೂಸನ ತಾಯಿ ಬಂದಳು. ಫಖ್ರುನ್ನೀಸಾ ಅಂತ ಹೆಸರು, ನಾವೆಲ್ಲ ಬೂಬಮ್ಮ ಅಂತಿದ್ವಿ. ಹೆಬ್ಬಾಳದಿಂದ ನಡಕೊಂಡೇ ಬಂದಿದ್ದಳು. ಗೌಡನ ಜಗಲಿ ಮುಂದೆ ನಿಂತಳು. ನಾನೂ ಅಲ್ಲೇ ಇದ್ದೆ. ಇರದೆ?

“ಗೌಡ್ರೆ, ಹೋದವನು ಹೋದ. ಚಿಕ್ಕವನು ವಾಜಿದ್ ಅದೇ ಡಬ್ಬ ಕಟ್ಕೊಂಡು ಇವತ್ತು ಯಲಹಂಕಕ್ಕೆ ಹೋಗವ್ನೆ. ರಾತ್ರಿ ಇದೇ ದಾರಿ. ಕಲ್ಲು ತೆಗೆದುಬಿಡಿ.”

“ದೀಪ ಅಚ್ಕೊಂಡು ಬರಾಕೇಳು.”

“ಗಾಳಿಗೆ ನಿಲ್ಲಲ್ಲ.”

“ಅಂಗಾದ್ರೆ ಮರದ ದೆವ್ವಕ್ಕೊಂದು ಕೋಳಿ ಕೊಡು.”

ಬೂಬಮ್ಮ ಜಗಲಿಗೆ ಇನ್ನೂ ಹತ್ತಿರ ಬಂದಳು. “ದೆವ್ವ ತಳ್ಳಿದ್ರೆ ಸೈಕಲ್ ಮುಂದಿನ ಚಕ್ರ ಯಾಕೆ ಗೌಡ್ರೆ ಮಡಚ್ಕೊಂಡಿತ್ತು?” ಅಂದಳು.

ಗೌಡ ಎದ್ದು ಒಳಗೆ ಹೋದ. ಪಿಳ್ಳಪ್ಪ ನೆಲ ನೋಡ್ತಿದ್ದ.

ರಾತ್ರಿ ಆಯ್ತು. ಪಿಳ್ಳಪ್ಪ ಹೋಗಿ ಕಲ್ಲಿನ ಮೇಲೇ ಕೂತ. ತಾನು ಕೂತರೆ ಯಾರು ಅಲ್ಲಾಡಿಸ್ತಾರೆ ಅಂತ ಅವನ ಲೆಕ್ಕ. ಮಂಜು ಬೀಳ್ತಿತ್ತು. ಕಲ್ಲು ಮಂಜುಗಡ್ಡೆ ಹಾಗೆ ಕೊರೀತಿತ್ತಂತೆ. ಕೆರೆ ಕಡೆ ಒಂದು ಕಪ್ಪೆ ಕೂಗ್ತಿದ್ದುದು ನಿಲ್ತು...

ಟಿಕ್ ಟಿಕ್ ಟಿಕ್... ಗಲಕ್... ಗಲಕ್...

ಬಂತು. ದಾಟಲಿಲ್ಲ. ಅವನ ಮುಂದೆಯೇ ನಿಲ್ತು. ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದು. ಠಣ್.

ಅವನ ಕೆಳಗೆ ಕಲ್ಲು ಅಲುಗಾಡಿತು. ಪಿಳ್ಳಪ್ಪ ಕೆಳಕ್ಕೆ ಹಾರಿ, ಊರ ಕಡೆ ಮಗ್ಗುಲಿಂದ ಕಲ್ಲನ್ನ ತಬ್ಬಿ ಹಿಡಿದ. ಆಚೆ ಮಗ್ಗುಲಲ್ಲಿ ಯಾರೋ ಜಗ್ಗುತ್ತಿದ್ದಾರೆ. ಕಾಣ್ತಿಲ್ಲ. ಉಸಿರು ಮಾತ್ರ ಕೇಳುತ್ತೆ... ಗೊರ... ಗೊರ...

“ಬಿಡು ಪಿಳ್ಳಣ್ಣ.”

ಪಿಸುಮಾತು. ಕಿವಿ ಪಕ್ಕದಲ್ಲೇ.

“ನನ್ನ ಗುಡಿಸಲು ಓಗ್ತದೆ ಖುದ್ದೂಸಣ್ಣ... ಅವಳು ತುಂಬಿದ ಬಸುರಿ...”

“ನನ್ನ ತಮ್ಮ ಇಳಿಜಾರಿಗೆ ಬಂದ. ದೀಪ ಆರೈತೆ.”

ಪಿಳ್ಳಪ್ಪ ಕಿವಿಗೊಟ್ಟ. ದೂರದಲ್ಲಿ, ಯಲಹಂಕದ ಕಡೆಯಿಂದ, ಇನ್ನೊಂದು ಸೈಕಲ್. ಟಿಕ್ ಟಿಕ್ ಟಿಕ್ ಟಿಕ್. ಜೋರಾಗಿ ಬರ್ತಿದೆ. ಅದರ ಜೊತೆ ಸಿಳ್ಳೆ. ಹುಡುಗುಮುಂಡೇದು ಸಿಳ್ಳೆ ಹಾಕ್ಕೊಂಡು ಬರ್ತಿದೆ.

ಪಿಳ್ಳಪ್ಪ ಹಿಡಿದ ಕೈ ಬಿಟ್ಟ. ಬಿಟ್ಟು ಸುಮ್ಮನೆ ನಿಲ್ಲಲಿಲ್ಲ. ಹೆಗಲು ಕೊಟ್ಟು ತಳ್ಳಿದ. ಆ ಕಡೆಯಿಂದ ಅವನು ಎಳೆದ, ಈ ಕಡೆಯಿಂದ ಇವನು ತಳ್ಳಿದ. ನಾಲ್ಕು ಆಳಿನ ಕಲ್ಲು ಗುರ್ರ್ ಅಂತ ಟಾರು ಬಿಟ್ಟು ಮಣ್ಣಿಗೆ ಇಳೀತು. ಅಷ್ಟರಲ್ಲಿ ವಾಜಿದನ ಸೈಕಲ್ ಸುಯ್ ಅಂತ ಕಲ್ಲಿದ್ದ ಜಾಗದ ಮೇಲೇ ಹಾದು, ಹುರುಳಿ ಗುಡ್ಡೆಯ ಅಂಚು ಸವರಿಕೊಂಡು ಹೋಯ್ತು. ಅಂಗಿ ಅಂಚು ಪಿಳ್ಳಪ್ಪನ ಮೂಗಿಗೆ ತಾಗಿತು. ಮುಂದೆ ಹೋಗಿ ಬ್ರೇಕು ಕೀರ್ ಅಂತು.

“ಯಾರದು?”

“ನಾನಪ್ಪ, ಪಿಳ್ಳಪ್ಪ.”

“ನಿನ್ನ ಪಕ್ಕ ಯಾರಣ್ಣ?”

“ಯಾರೂ ಇಲ್ಲ. ಇಳಕೊಂಡು ತಳ್ಕೊಂಡು ಓಗು ಮಗಾ. ದೀಪ ಇಲ್ದೆ ಸೈಕಲ್ ಅತ್ತಬ್ಯಾಡ.”

ಬೆಳಗ್ಗೆ ಗೌಡ ಬಂದ. ಊರೆಲ್ಲ ಸೇರಿತ್ತು. “ಯಾವನೋ ತೆಗೆದೋನು?” ಅಂದ.

“ನಾನೇ. ಇನ್ನು ಇಡಾಕಿಲ್ಲ,” ಅಂದ ಪಿಳ್ಳಪ್ಪ.

“ಒಬ್ಬನೇ? ಎಂಗೋ ಉರುಳಿಸ್ದೆ?”

“ಸಾಬಿ ಬಿದ್ದ ರಾತ್ರಿ ಅವನ ಕಡೆ ತಿರುಗೂ ನೋಡದೆ ಮೊದಲು ಕಲ್ಲು ಉರುಳಿಸ್ದಿರಲ್ಲ ಗೌಡ್ರೆ, ಅಂಗೇ.”

ಊರಿಗೆ ಆ ಮಾತು ಗೊತ್ತಾಗಿದ್ದು ಆಗಲೇ. ಕಾಫಿಪುಡಿ ಮೆತ್ತಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗೌಡ ಅವತ್ತೇ ಅವರನ್ನ ಗುಡಿಸಲಿಂದ ಹೊರಗೆ ಹಾಕಿದ. ಪಿಳ್ಳಪ್ಪನಿಗೆ ಬುದ್ಧಿ ಕೆಟ್ಟಿದೆ, ದೆವ್ವ ಹೊಕ್ಕಿದೆ ಅಂತ ಸಾರಿದ. ಮುನಿಶಾಮಮ್ಮ ನಮ್ಮ ದನದ ಕೊಟ್ಟಿಗೆ ಪಕ್ಕದ ಕೋಣೇಲಿ ಹೆತ್ತಳು. ಹೆಣ್ಣುಮಗು. ನಾನೇ ನೀರು ಕಾಯಿಸಿದ್ದು. ಆದರೆ ಗೌಡ ಯಾವ ಆಳನ್ನ ಕರೆದರೂ ಆ ಕಲ್ಲಿಗೆ ಹಾರೆ ಹಾಕೋಕೆ ಒಬ್ಬನೂ ಬರಲಿಲ್ಲ. ಕಡೆಗೆ ಆ ವರ್ಷದ ಹುರುಳೀನ ಲಕ್ಷ್ಮಿದೇವಮ್ಮನ ಅಂಗಳದಲ್ಲಿ ಬಡಿಗೆ ಹಿಡಿದು ಬಡಿಸಿದ. ಅವಳ ಹೊಸ ಸುಣ್ಣದ ಗೋಡೆಗೆಲ್ಲ ಹೊಟ್ಟು. ಅವಳು ಬೈದಿದ್ದು ನಮ್ಮ ಮನೇಗೂ ಕೇಳಿಸ್ತು. ಚೆನ್ನಾಗಿ ಬೈದಳು.

ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಖುದ್ದೂಸನ ಜಾಗದಲ್ಲಿ ನಾನಿದ್ದಿದ್ದರೆ ಗೌಡನ ಎದೆ ಮೇಲೇ ಉರುಳಿಸ್ತಿದ್ದೆ. ಅವನು ಬರೀ ರಸ್ತೆ ಬಿಡಿಸಿಕೊಟ್ಟು ಹೋದ.

ಕಲ್ಲು ಈಗಲೂ ಅಲ್ಲೇ ಮಣ್ಣಿನಲ್ಲಿದೆ, ಹೋಗಿ ನೋಡಿ. ಪಿಳ್ಳಪ್ಪ ತಳ್ಳಿದ ಮಗ್ಗುಲು ಪುಷ್ಯದ ಬೆಳಗಿನಲ್ಲಿ ಕೈ ಇಟ್ಟರೆ ಕೊರೆಯುತ್ತೆ. ಖುದ್ದೂಸ್ ಎಳೆದ ಆ ಇನ್ನೊಂದು ಮಗ್ಗುಲು ದನ ಮಲಗಿ ಎದ್ದು ಹೋದ ಜಾಗದ ಹಾಗೆ ಬೆಚ್ಚಗಿರುತ್ತೆ. ನಾನೇ ಮುಟ್ಟಿದ್ದೀನಿ, ಒಂದು ಸಲ ಅಲ್ಲ. ಮನುಷ್ಯರ ಮಾತು ಬೇಡ ಅನ್ನಿ. ಚಳಿಗಾಲದಲ್ಲಿ ಊರ ನಾಯಿಗಳೆಲ್ಲ ಆ ಮಗ್ಗುಲಿಗೇ ಒತ್ತಿಕೊಂಡು ಮಲಗ್ತವೆ. ಈ ಕಡೆಗೆ ಒಂದೂ ಬರಲ್ಲ.