ಬಸ್ಸಿಗೆ ತವರಿನ ಕರೆ

ಕೀ ಟೇಬಲ್ ಮೇಲಿಟ್ಟು ಕೈ ಕಟ್ಕೊಂಡು ನಿಂತ್ರೆ ಆಯ್ತೇನಪ್ಪ ಬಾಮೈದ? ಹೊರಗೆ ಬಸ್ ತುಂಬ ಜನ ಹತ್ತಿ ಕೂತಿದ್ದಾರೆ. ಇಲ್ಲಿ ಫೋರ್‌ಮನ್ ರೂಮಲ್ಲಿ ಡ್ರೈವರ್ ಸಾಹೇಬ್ರು ಮೌನವ್ರತ ಹಿಡಿದಿದ್ದಾರೆ.

ಏನು, ಆ ರೀಕಾಲ್ ವಿಷಯವಾ? ಅಯ್ಯೋ, ಅದನ್ನ ಯಾಕೆ ಅಷ್ಟು ತಲೆಗೆ ಹಚ್ಕೋತೀಯ. ಬಸ್ ಮಾರಿದ್ಮೇಲೆ ಕಂಪನಿಯವರಿಗೆ ಕರುಳು ಚುರ್ ಅಂದಿದೆ, ಮಗಳನ್ನ ತವರಿಗೆ ಕರೆಸ್ಕೊಂಡಂಗೆ ವಾಪಸ್ ಕರೀತಿದ್ದಾರೆ, ಅಷ್ಟೆ. ಎಂಜಿನ್ ಪಕ್ಕದ ಡೀಸೆಲ್ ಪೈಪು ಸೀಳಬಹುದಂತೆ. ಸೀಳಿದ್ರೆ ಬೆಂಕಿ ಹತ್ತಬಹುದಂತೆ. ಬಹುದಂತೆ, ಬಹುದಂತೆ... ಆಕಾಶ ಕಳಚಿ ತಲೆ ಮೇಲೆ ಬೀಳಲೂಬಹುದು, ಹಂಗಂತ ಚಾಪೆ ಹೊದ್ಕೊಂಡು ಓಡಾಡ್ತೀವಾ?

ನಗಬೇಡ. ನಿಮ್ಮಪ್ಪನೂ ನಿಮ್ಮಕ್ಕನ್ನ ಒಂದ್ ಸಲ ರೀಕಾಲ್ ಮಾಡಿದ್ರೆ ನಾನೂ ಎರಡು ದಿನ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಆ ಯೋಗ ನನಗಿಲ್ಲ, ಬಸ್ಸಿಗಿದೆ.

ಹೋಗ್ಲಿ, ಪೈಪ್ ಬದಲಾಯಿಸೋಣ ಅಂದ್ರೆ ಕಂಪನಿ ವರ್ಕ್‌ಶಾಪಿಗೆ ಪೈಪೇ ಬಂದಿಲ್ಲ. ಊಟಕ್ಕೆ ಕರೆದವರ ಮನೇಲಿ ಒಲೇನೇ ಹಚ್ಚಿಲ್ಲ. ಬಸ್ಸುಗಳು ಅಲ್ಲಿ ಸಾಲಾಗಿ ಬಿಸಿಲಲ್ಲಿ ನಿಂತಿವೆ. ನಮ್ಮ ಓನರ್ರೋ, ಮಹಾ ಧರ್ಮಾತ್ಮರು. ‘ಪ್ರಯಾಣಿಕರಿಗೆ ತೊಂದರೆ ಆಗ್ಬಾರ್ದು, ಬಸ್ ಬಿಡ್ರಿ’ ಅಂದ್ಬಿಟ್ರು. ಎಷ್ಟು ಕಾಳಜಿ ನೋಡು. ಅವರು ಮಾತ್ರ ಕಾರಲ್ಲೇ ಓಡಾಡ್ತಾರೆ. ಪಾಪ, ತಾವು ಹತ್ತಿದ್ರೆ ಬಸ್ಸಲ್ಲಿ ಇನ್ನೊಬ್ಬರ ಸೀಟು ಹೋಗುತ್ತಲ್ಲ ಅಂತ.

ಏನು, ಹುಬ್ಬು ಗಂಟು ಹಾಕ್ತೀಯ? ವಾಸನೆ ಬಂತಾ? ಡೀಸೆಲ್ ಬಸ್ಸಲ್ಲಿ ಡೀಸೆಲ್ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರುತ್ತಾ? ಪೈಪಿಗೆ ನಾನೇ ರಬ್ಬರ್ ಸುತ್ತಿ ಕ್ಲಾಂಪ್ ಬಿಗಿದಿದ್ದೀನಿ. ಈ ಗ್ಯಾರೇಜಲ್ಲಿ ನಾನು ಬಾಡಿ ತಟ್ಟಿ ‘ರೈಟ್’ ಅಂದ್ರೆ ಮುಗೀತು, ಆಮೇಲೆ ಯಾರೂ ಎಂಜಿನ್ ತೆಗೆದು ನೋಡಲ್ಲ. ಇವತ್ತೂ ತಟ್ಟಿದ್ದೀನಿ. ನಿನ್ನೆದುರಿಗೇ ತಟ್ಟಿದೆ ತಾನೆ? ಭಾವನ ಮೇಲೆ ಅಷ್ಟೂ ನಂಬಿಕೆ ಇಲ್ವಾ?

ಏರು ರಸ್ತೇಲಿ ನಿಧಾನಕ್ಕೆ ಹೋಗು, ಎಂಜಿನ್ ಕಾದ್ರೆ ಎಲ್ಲಾದ್ರೂ ನಿಲ್ಲಿಸಿ ಟೀ ಕುಡಿ. ನೀನು ಒಲ್ಲೆ ಅಂದ್ರೆ ಓನರ್ ಇನ್ನೊಬ್ಬ ಡ್ರೈವರನ್ನ ಹುಡುಕ್ತಾರೆ, ನಾಳೆಯಿಂದ ನೀನು ಮನೇಲಿ ಕೂತು ಸೊಳ್ಳೆ ಹೊಡಿ. ಕೀ ತಗೋ. ತಗೊಳ್ಳಪ್ಪ... ಎಲ್ಲಿ ನೋಡ್ತಿದ್ದೀಯ? ಕಿಟಕಿ ಆಚೆ ಏನಿದೆ?

ಓ, ಅದಾ. ಹೌದು, ನಿಮ್ಮಕ್ಕನೇ. ಪಾಪೂನ ಎತ್ಕೊಂಡು ಆಟೋ ಹತ್ತುತ್ತಿದ್ದಾಳೆ. ರೈಲಲ್ಲಿ ಹೋಗ್ತಾಳಂತೆ... ಹೂಂ, ನಿನ್ನ ಬಸ್ಸಲ್ಲೇ ಹೋಗ್ಬೇಕಿತ್ತು. ನಿನ್ನ ಹಿಂದಿನ ಸೀಟಲ್ಲಿ ಬ್ಯಾಗ್ ಇಟ್ಟು ಕೂತೂ ಆಗಿತ್ತು. ನಾನೇ ಇಳಿಸ್ದೆ. ಪಾಪುಗೆ ಬಸ್ಸಲ್ಲಿ ವಾಂತಿ ಬರುತ್ತೆ ನೋಡು, ಅದಕ್ಕೆ.

ಯಾವಾಗಿಂದ ಅಂತಾದ್ರೂ ಕೇಳು. ಹುಟ್ಟಿದಾಗಿಂದ ನಿನ್ನ ಬಸ್ಸಲ್ಲೇ ಓಡಾಡಿದ ಮಗು ಅಂತಾದ್ರೂ ಹೇಳು. ಬಾಯಿಬಿಟ್ಟು ಬೈಯಾದ್ರೂ ಬೈ... ಹಂಗೆ ನೋಡ್ಬೇಡ ಕಣೋ.

ನನ್ನ ಹೆಂಡ್ತಿ ಮಗೂನ ಆ ಬಸ್ಸಲ್ಲಿ ನಾನು ಹೆಂಗೋ ಕಳಿಸ್ಲಿ?