ಹೊತ್ತೇರಿದಂಗ ಸೋಲೂ ಕೈ

ಮೈಗಳ್ಳತನ ಅಲ್ರೋ ಮೊಮ್ಮಕ್ಕಳ್ರಾ ಅದು, ನಾ ಹೊಸಾ ಸೊಸಿ ಇದ್ದಾಗ ನನ್ನ ಕೈನ ನನ್ನ ಮಾತ ಕೇಳ್ತಿದ್ದಿಲ್ಲ. ಮುಂಜಾನೆ ನೋಡಿದ್ರ ನನ್ನಷ್ಟು ಜಲ್ದಿ ಭತ್ತ ನಾಟಿ ಮಾಡಾಕಿ ಇಡೀ ಗಂಗಾವತಿ ಕಡೆ ಇದ್ದಿಲ್ಲ. ನಗಬ್ಯಾಡ್ರೋ, ಖರೇನ ಹೇಳಾಕತ್ತೀನಿ! ಹೊತ್ತ ಏರಿದಂಗ ಸೋಲಾಕ ಹತ್ತೂದು ನೋಡ್ರಿ, ಸಸಿ ಹಿಡದು ಕೆಸರಿನಾಗ ಊರಬೇಕಂದ್ರ ಬೆರಳ ಒಲ್ಲೆ ಅನ್ನೂವು. ನಾಟಿ ಅಂದ್ರ ಗೊತ್ತಲ್ಲ, ಎಲ್ಲಾರೂ ಸಾಲಾಗಿ ನಿಂತು ಹಚ್ಚಿಕೋಂತ ಹಿಂದಕ್ಕ ಸರೀಬೇಕು. ತಡಾ ಮಾಡಿದಾಕಿ ಹಚ್ಚಿದ ಸಸಿ ನಡಕ ಒಬ್ಬಾಕೀನ ಸಿಕ್ಕೊಂಡು ನಿಲ್ತಾಳ. ದಿನಾ ನಾನ! "ಹೊಸಾ ಸೊಸೀನೂ ಸಸಿ ಜೋಡಿ ಹಚ್ಚಿಬಿಟ್ವಿ" ಅಂತ ನಗೂರು. ನಮ್ಮತ್ತಿಗೆ ಭಾಳ ನಾಚಿಕಿ. ಒಂದಿನ ಸಿಟ್ಟಿಗೆದ್ದು, "ನಾಳೆ ಕುಷ್ಟಗಿಗೆ ನಿಮ್ಮಪ್ಪನ ಮನೀಗೆ ನಡಿ, ತಿರಗಿ ಬರಬ್ಯಾಡ" ಅಂದ್ಬಿಟ್ಲು. ನಿಮ್ಮ ಮುತ್ಯಾ, ನನ್ನ ಗಂಡ, ಪಾಪ, ಅವ್ವನ ಮುಂದ ಬಾಯಿ ತಗೀತಿದ್ದಿಲ್ಲ.

ಆವತ್ತ ಸಂಜಿಕ ಉಣ್ಣಾಕ ಕುಂತ್ವಿ. ಸಜ್ಜಿ ರೊಟ್ಟಿ, ಪುಂಡಿಪಲ್ಯ... ಅಲ್ಲಲ್ಲ, ಬದನಿಕಾಯಿ, ಏನರ ಇರ್ಲಿ. ಮೊದಲ್ನೇ ತುತ್ತು ಛಲೋ ಅಗದೆ. ಆಮ್ಯಾಲೆ ದವಡಿ ನಿಂತಬಿಡ್ತು. ಗದ್ದಕ್ಕ ಕೈ ಕೊಟ್ಟು ಎತ್ತಿ ಎತ್ತಿ ಅಗ್ಯಾಕತ್ತಿದ್ದೆ, ಕಣ್ಣರೆಪ್ಪಿ ಜೋತುಬಿದ್ದಿದ್ವು, ಹಸಿವಿ ಅಂದ್ರ ಹಸಿವಿ, ಅಳೂನ ಬಂತು. ಅತ್ತಿ ನೋಡಿಕೋಂತ ಕುಂತಾಕಿ ನಿಮ್ಮ ಮುತ್ಯಾನ ಕಡೆ ತಿರಗಿ, "ಲೇ, ದುಡ್ಯಾಕ ಯಾರರ ಕಳ್ಳಾಟ ಆಡ್ಯಾರು. ಉಣ್ಣಾಕ ಯಾರ ಆಡ್ತಾರೋ? ಈಕಿಗೆ ಏನೋ ಆಗೇತಿ" ಅಂದ್ಲು. ಹಾಲಾಗ ರೊಟ್ಟಿ ನೆನಸಿ, ಹಿಚುಕಿ, ತನ್ನ ಕೈಲೇ ಉಣಿಸಿದ್ಲು.

ಮರುದಿನ ತವರಿಗಲ್ಲ, ಕೊಪ್ಪಳದ ದವಾಖಾನಿಗೆ ಕರಕೊಂಡ ಹೋದ್ಲು. ಡಾಕ್ಟರು ಜೋತುಬಿದ್ದ ಕಣ್ಣಿನ ಮ್ಯಾಲೆ ಬರ್ಫ ಇಟ್ರು, ತಂಪಿಗೆ ರೆಪ್ಪಿ ಮ್ಯಾಲೆದ್ವು! ಅದರ ಮ್ಯಾಲೆ ರೋಗ ಗುರ್ತು ಹಿಡದು, "ನರ ಹುಕುಂ ಕೊಡ್ತೈತ್ರಿ ಅಮ್ಮ, ಮಾಂಸಖಂಡಕ್ಕ ಪೂರಾ ಮುಟ್ಟವಲ್ದು. ಕೆಲಸ ಮಾಡಿದಂಗ ಬಲ ಇಳೀತೈತಿ, ಕುಂತ್ರ ತಿರಗಿ ಬರ್ತೈತಿ" ಅಂದು ಗುಳಿಗಿ ಕೊಟ್ರು. ಈಗೂ ಅದನ್ನ ನುಂಗತೀನಲ್ಲ, ಅದ.

ಆಮ್ಯಾಲೆ ನಾಟಿಗೆ ಹೋದ್ರ ಅತ್ತಿ ನನ್ನ ಬಾಜೂಕ ನಿಂತು ನನ್ನ ಪಾಲಿಂದೂ ತಾನ ಹಚ್ಚಾಕಿ. ಯಾರರ ನಕ್ಕರ, "ನನ್ನ ಸೊಸಿ ಕುಂತು ಎದ್ದು ಮಾಡ್ತಾಳ, ನಿಮಗೇನ ತ್ರಾಸು?" ಅಂತ ಜಗಳಕ್ಕ ನಿಲ್ಲಾಕಿ. ಆಕಿನ್ನ ನೆನಸಿದ್ರ ಎದಿ ತುಂಬಿ ಬರ್ತೈತ್ರೋ. ಯಾರರ ಸೋತು ಕುಂತಿದ್ರ, ಯಾಕ ಕುಂತಿ ಅಂತ ಕೇಳಬ್ಯಾಡ್ರಿ. ಉಂಡಿಯೇನವ್ವಾ ಅಂತ ಕೇಳ್ರಿ.